ಬೆಂದ ಮೇಲಿನ ಬಣ್ಣ

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದು, ಮೂವತ್ತೈದು ವರ್ಷ ಉಪಾಧ್ಯಾಯವೃತ್ತಿಯಲ್ಲಿ ಕಳೆದು, 2019ರಲ್ಲಿ ವಿಶ್ರಾಂತನಾಗಿ ಸಾರಥಿಯ ಮನೆಯಲ್ಲಿ ಕುಳಿತಿರುವ ನನ್ನಂಥವನು ಮಡಕೆ ಕುಡಿಕೆಗಳ ಬಣ್ಣವನ್ನು ಕುರಿತು ಬರೆಯಹೊರಟಿರುವುದು ಈ ಪತ್ರಿಕೆಯ ವಾಚಕರಲ್ಲಿ ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಘಟದೊಡನೆ ನನಗಿರುವ ಸಂಬಂಧವು ಇಂದಿನದಲ್ಲ. ತರ್ಕಶಾಸ್ತ್ರವನ್ನು ಓದಿದವರೆಲ್ಲರೂ ಬಾಲ್ಯದಿಂದ ಘಟವನ್ನು ಹಿಡಿದೇ ಬೆಳೆದವರು. ಕಾರಣಕ್ಕೆ ಉದಾಹರಣೆ ಘಟ. ಕಾರ್ಯಕ್ಕೆ ಉದಾಹರಣೆ ಘಟ. ಅಭಾವವನ್ನು ಹೇಳಬೇಕಾದರೂ ನೆಲದ ಮೇಲೆ ಇಲ್ಲದಿರುವ ಘಟವೇ ಬೇಕು. ಹೀಗೆ ಬಾಯಿಯಲ್ಲಿ ಸಾವಿರಾರು ಘಟಗಳನ್ನು ಮಾಡಿ ಒಡೆದ ನಾನು ಕುಂಬಾರನ ತಿಗರಿಯ ಬಳಿಗೆ ಹೋಗಿ ನಿಂತದ್ದು ಅರುವತ್ತು ದಾಟಿದ ಮೇಲೆ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಪಾಠಶಾಲೆಯಲ್ಲಿ ನಮಗೆ ಬಹು ಪ್ರಿಯವಾಗಿದ್ದ ವಾದವೊಂದಿತ್ತು. ಹಸಿಯ ಮಡಕೆ ಕಪ್ಪಾಗಿರುವುದು. ಆವಿಗೆಯಲ್ಲಿ ಬೆಂದು ಕೆಂಪಾಗುವುದು. ಈ ಬಣ್ಣದ ಬದಲಾವಣೆ ಎಲ್ಲಿ ನಡೆಯಿತು? ಮಡಕೆಯು ಒಳಗೊಳಗೇ ಪರಮಾಣುಗಳಾಗಿ ಬಿಚ್ಚಿಹೋಗಿ, ಅಲ್ಲಿ ಕಪ್ಪು ನಾಶವಾಗಿ ಕೆಂಪು ಹುಟ್ಟಿ, ಮತ್ತೆ ಕೂಡಿಕೊಂಡು ಬೇರೊಂದು ಮಡಕೆಯೇ ಆಗುವುದೆಂದು ವೈಶೇಷಿಕರ ಮತ. ಇದಕ್ಕೆ ಪೀಲುಪಾಕವೆಂದು ಹೆಸರು. ಹಾಗಲ್ಲ, ಮಡಕೆಯು ಇದ್ದಂತೆಯೇ ಇದ್ದು, ಅದರ ಸೂಕ್ಷ್ಮರಂಧ್ರಗಳಲ್ಲಿ ಅಗ್ನಿಯು ಪ್ರವೇಶಿಸಿ ಬಣ್ಣವನ್ನು ಬದಲಿಸುವುದೆಂದು ನೈಯಾಯಿಕರ ಮತ, ಇದು ಪಿಠರಪಾಕ. ಬೆಂಕಿಯಿಂದ ಹುಟ್ಟಿದ ಗುಣವನ್ನು ಇಬ್ಬರೂ ಪಾಕಜವೆನ್ನುವರು. ಈ ವಿಷಯದಲ್ಲಿ ನಾವು ಹುಡುಗರು ರಾತ್ರಿಯ ಊಟವನ್ನೂ ಮರೆತು ಕಚ್ಚಾಡಿದ್ದುಂಟು. ನಮ್ಮಲ್ಲಿ ಒಬ್ಬನಾದರೂ ಎದ್ದು ಹೋಗಿ ಆವಿಗೆಯೊಳಗೆ ಇಣಿಕಿ ನೋಡಲಿಲ್ಲ. ಆವಿಗೆಯೇನೋ ಪಾಠಶಾಲೆಯಿಂದ ಕೂಗಳತೆಯ ದೂರದಲ್ಲಿಯೇ ಇತ್ತು.

ಮುಂದೆ ನಾನು ಹರಿಹರದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಡುತ್ತಿದ್ದೆನು. 1994ರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಕುಂಬಾರರ ಹುಡುಗನಿದ್ದನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನು ಒಪ್ಪನು. ಮಾತು ಕಡಮೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು. ರಾಮಶಬ್ದದ ತೃತೀಯಾವಿಭಕ್ತಿಯ ಆಚೆಗೆ ಅವನ ನಾಲಗೆ ಹೊರಳುತ್ತಿರಲಿಲ್ಲ. ಒಂದು ದಿನ ಅವನ ಪುಸ್ತಕವನ್ನು ತೆಗೆದು ನೋಡಿದರೆ ಅಂಚಿನ ಉದ್ದಕ್ಕೂ ಬಳ್ಳಿಯ ಚಿತ್ರಗಳು. ನನಗೆ ಸಿಟ್ಟು ಬಂದಿತು. ಆ ಹಾಳೆಯನ್ನು ಹರಿದುಹಾಕಿ, "ನಿನ್ನ ತಲೆಯಲ್ಲಿರುವುದು ಮಿದುಳಲ್ಲ, ಹಸಿ ಮಣ್ಣು" ಎಂದೆನು. ತರಗತಿ ನಕ್ಕಿತು. ನಾನೂ ನನ್ನ ಚಾತುರ್ಯಕ್ಕೆ ಒಳಗೊಳಗೇ ಮೆಚ್ಚಿಕೊಂಡೆನೆಂದೇ ಹೇಳಬೇಕು. ಆ ವರ್ಷ ಮುಗಿಯುವುದರೊಳಗೆ ಹುಡುಗನು ಶಾಲೆಯನ್ನು ಬಿಟ್ಟನು. ಶಾಲೆ ಬಿಡುವ ಹುಡುಗರು ಆಗ ಬಹು ಮಂದಿ, ನಾನು ವಿಚಾರಿಸಲಿಲ್ಲ.

ಅವನು ಏನಾದನೆಂಬುದು ನನಗೆ ತಿಳಿದದ್ದು ಇತ್ತೀಚೆಗೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದವರು ನಡೆಸುವ ಕುಂಬಾರಿಕೆಯ ಶಿಕ್ಷಣಸಂಸ್ಥೆಯೊಂದಿದೆ. ಆ ಊರಿನ ಜೇಡಿಮಣ್ಣಿಗೆ ಒಳ್ಳೆಯ ಹೆಸರು. ಇವನು ಅಲ್ಲಿಗೆ ಹೋಗಿ ಕಲಿತು, ಅಲ್ಲಲ್ಲಿ ಕೂಲಿ ಮಾಡಿ, ಕೊನೆಗೆ ನಮ್ಮ ಊರಿನ ಅಂಚಿನಲ್ಲಿಯೇ ಅನಿಲದಿಂದ ಉರಿಯುವ ಒಂದು ಸಣ್ಣ ಭಟ್ಟಿಯನ್ನು ಹಾಕಿಕೊಂಡಿದ್ದಾನೆ. ಬಟ್ಟಲು, ತಟ್ಟೆ, ಉಪ್ಪಿನಕಾಯಿಯ ಜಾಡಿಗಳನ್ನು ಮಾಡಿ, ಬಣ್ಣ ಬರೆದು, ದಾವಣಗೆರೆಗೆ ಒಯ್ದು ಮಾರುತ್ತಾನೆ.

ಕಳೆದ ವರ್ಷ ನನ್ನ ಮೊಮ್ಮಗಳ ಅಕ್ಷರಾಭ್ಯಾಸದ ಪ್ರಸಂಗವು ಬಂದಿತು. ಮಗುವಿಗೆ ಹಾಲು ಕುಡಿಯಲು ಒಂದು ಬಟ್ಟಲನ್ನು ನನ್ನ ಕೈಯಾರೆ 'ಶ್ರೀ' ಎಂದು ಬರೆದು ಕೊಡಬೇಕೆಂಬ ಆಸೆ ನನಗೆ ಹುಟ್ಟಿತು. ಮಂಗಳಕಾರ್ಯವಾದ್ದರಿಂದ ಕುಂಕುಮದಂಥ ಕೆಂಪೇ ಆಗಬೇಕು. ದಾವಣಗೆರೆಯಿಂದ ಪಿಂಗಾಣಿಗೆ ಹಚ್ಚುವ ಕೆಂಪು ಪುಡಿಯ ಒಂದು ಪೊಟ್ಟಣವನ್ನು ತರಿಸಿದೆನು. ಒಳ್ಳೆಯ ಮೆರುಗಿನ ಬಿಳಿಯ ಬಟ್ಟಲಿನ ಮೇಲೆ, ಎಣ್ಣೆಯಲ್ಲಿ ಕಲಸಿದ ಆ ಬಣ್ಣದಿಂದ ಎರಡು ದಿನ ಕುಳಿತು, ಒಳಗೂ ಹೊರಗೂ ಅಕ್ಷರವನ್ನು ಬರೆದೆನು. ಸುಡುವುದೊಂದು ಮಾತ್ರ ಉಳಿಯಿತು. ಬಟ್ಟಲನ್ನು ಹಿಡಿದು ಹಳೆಯ ಶಿಷ್ಯನ ಭಟ್ಟಿಗೆ ಹೋದೆನು.

ಅವನು ಎದ್ದು ನಮಸ್ಕರಿಸಿದನು. ಬಟ್ಟಲನ್ನು ತಿರುಗಿಸಿ ನೋಡಿ, "ಗುರುಗಳೇ, ಇದು ಏತಕ್ಕೆ?" ಎಂದು ಕೇಳಿದನು. ಮಗುವಿಗೆ ಹಾಲು ಕುಡಿಯುವುದಕ್ಕೆ ಎಂದೆನು. "ಹಾಗಾದರೆ ನಾನು ಇದನ್ನು ಸುಡಲಾರೆ" ಎಂದನು.

ಹೊಗಳಿಕೆಯನ್ನು ನಿರೀಕ್ಷಿಸಿ ಹೋಗಿದ್ದ ನನಗೆ ಮುಖ ಕೆಂಪಾಯಿತು. ಕೂಲಿ ಎಷ್ಟಾದರೂ ಕೊಡುವೆನೆಂದೆನು. ಅವನು ಕೂಲಿಯ ಮಾತನ್ನೇ ಆಡದೆ, ಬಣ್ಣದ ಪೊಟ್ಟಣ ಇದೆಯೇ ಎಂದನು. ಕೊಟ್ಟೆನು. ಅದರ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿನ ಎರಡು ಸಾಲುಗಳಿದ್ದವು. ಅಲಂಕಾರಕ್ಕೆ ಮಾತ್ರ, ಸೀಸವುಂಟು, ಆಹಾರದ ಪಾತ್ರೆಗಳಿಗೆ ಬಳಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಅಕ್ಷರ ಕಲಿಸಿ ಬದುಕಿದ ನಾನು ಪೊಟ್ಟಣದ ಬಣ್ಣವನ್ನು ನೋಡಿದ್ದೆನೇ ಹೊರತು ಅಕ್ಷರವನ್ನು ಓದಿರಲಿಲ್ಲ.

ಆಮೇಲೆ ಅವನು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಮರೆಯಲಾರೆನು. "ಗುರುಗಳೇ, ಸಂಸ್ಕೃತದಲ್ಲಿ ಸಿಂದೂರಕ್ಕೆ ಬೇರೆ ಹೆಸರೇನು?" ಅಮರಕೋಶವು ನನಗೆ ಕಂಠಪಾಠ. "ನಾಗಸಂಭವ" ಎಂದೆನು. "ಹಾಗೆಂದರೇನು?" ಎಂದನು. ನಾಗವೆಂದರೆ ಸೀಸ, ಸೀಸದಿಂದ ಹುಟ್ಟಿದ್ದು ನಾಗಸಂಭವ ಎಂದು ಹೇಳುತ್ತ ಹೇಳುತ್ತ ನನ್ನ ಮಾತು ನಿಂತಿತು. ಆ ಪದವನ್ನು ಮೂವತ್ತೈದು ವರ್ಷ ಮಕ್ಕಳಿಂದ ಹೇಳಿಸಿದ್ದೆನು. ಅದು ಒಂದು ವಸ್ತುವಿನ ಸಂಗತಿಯೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವನು ವಿವರಿಸಿದ್ದನ್ನು ವಾಚಕರಿಗೂ ತಿಳಿಸುವುದು ನನ್ನ ಕರ್ತವ್ಯ. ಮಣ್ಣಿನ ಪಾತ್ರೆಯ ಮೇಲಿನ ಮೆರುಗು ಒಂದು ತೆಳ್ಳನೆಯ ಗಾಜು. ಕುಶಲಿಗಳು ಅದನ್ನು ಗ್ಲೇಜು ಎನ್ನುವರು, ನಾನು ಕಾಚಲೇಪವೆನ್ನುತ್ತೇನೆ. ಬೆಣಚುಕಲ್ಲಿನ ಪುಡಿ ಅದರ ಮುಖ್ಯ ದ್ರವ್ಯ. ಆದರೆ ಬೆಣಚು ಸುಮ್ಮನೆ ಕರಗುವುದಲ್ಲ. ಅದನ್ನು ಕರಗಿಸಲು ಇನ್ನೊಂದು ದ್ರಾವಕದ್ರವ್ಯ ಬೇಕು. ಹಿಂದಿನಿಂದಲೂ ಇದಕ್ಕೆ ಸುಲಭವಾಗಿ ಒದಗಿದ್ದು ಸಿಂದೂರವೇ, ಎಂದರೆ ಸೀಸದ ಕೆಂಪು ಭಸ್ಮ. ಅದು ಕಡಮೆ ಶಾಖದಲ್ಲಿ ಕರಗಿ, ಬಹಳ ಕಾಂತಿಯನ್ನು ಕೊಡುವುದು. ದೋಷವೆಂದರೆ, ಸರಿಯಾಗಿ ಬೇಯದಿದ್ದಲ್ಲಿ ಅದು ಗಾಜಿನಲ್ಲಿ ಭದ್ರವಾಗಿ ನಿಲ್ಲದು. ಹುಣಿಸೆ, ನಿಂಬೆ, ಮಾವಿನಕಾಯಿ, ಮಜ್ಜಿಗೆ ಮೊದಲಾದ ಹುಳಿಪದಾರ್ಥಗಳು ಅದನ್ನು ಮೆಲ್ಲಮೆಲ್ಲನೆ ತಮ್ಮೊಳಕ್ಕೆ ಎಳೆದುಕೊಳ್ಳುವುವು. ಹಸುರು ಬಣ್ಣಕ್ಕೆಂದು ತಾಮ್ರವನ್ನು ಸೇರಿಸಿದರಂತೂ ಸೀಸವು ಇನ್ನೂ ಬೇಗ ಬಿಡುವುದು. ರುಚಿಯಿಲ್ಲ, ವಾಸನೆಯಿಲ್ಲ, ತಿಂದವರಿಗೆ ತಿಳಿಯದು. ಬೆಳೆಯುವ ಮಕ್ಕಳ ಬುದ್ಧಿಗೇ ಅದು ಕೇಡು. ಮಕ್ಕಳ ದೇಹಕ್ಕೆ ಇಷ್ಟರವರೆಗೆ ಸೀಸ ಸೇರಿದರೆ ಬಾಧಕವಿಲ್ಲವೆಂಬ ಪರಿಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಅಕ್ಷರಾಭ್ಯಾಸದ ದಿನವೇ ಮಗುವಿನ ಕೈಗೆ ಅಂಥ ಬಟ್ಟಲನ್ನು ಕೊಡುವವನಿದ್ದೆನು.

ಬಣ್ಣವಿನ್ನೂ ಸುಟ್ಟಿರಲಿಲ್ಲವಾದ್ದರಿಂದ ಅವನು ಅದನ್ನು ಒರಸಿ ತೊಳೆದುಬಿಟ್ಟನು. ತೊಳೆದ ನೀರನ್ನು ಹಿತ್ತಿಲಿನ ಗಿಡಕ್ಕೆ ಚೆಲ್ಲದೆ ಬೇರೆ ಡಬ್ಬದಲ್ಲಿ ಇಟ್ಟನು. ಅನಂತರ, "ಬೇರೆ ಬಟ್ಟಲು ಕೊಡುತ್ತೇನೆ, ನಾಳೆಯಿಂದ ಬನ್ನಿ, ಕಲಿಸುತ್ತೇನೆ" ಎಂದನು. ನಾನು ಹೋದೆನು. ಹದಿನೈದು ದಿನ ಅವನ ಶಿಷ್ಯನಾಗಿದ್ದೆನು.

ಪಾತ್ರೆಗೆ ಬಣ್ಣ ಬರೆಯುವುದಕ್ಕೆ ಮೂರು ದಾರಿಗಳಿವೆ. ಕಾಚಲೇಪವೆಲ್ಲ ಮುಗಿದು ಬೆಂದ ಪಾತ್ರೆಯ ಮೇಲೆ ಬರೆದು, ಸುಮಾರು 700ರಿಂದ 850 ಡಿಗ್ರಿಯ ಮೆಲುಶಾಖದಲ್ಲಿ ಮತ್ತೊಮ್ಮೆ ಸುಡುವುದು ಒಂದು. ನಾನು ಹಿಡಿದಿದ್ದ ದಾರಿ ಇದೇ. ಶಾಖ ಕಡಮೆಯಾದ್ದರಿಂದ ಬಗೆಬಗೆಯ ಬಣ್ಣಗಳು ಬದುಕುವುವು. ಆದರೆ ಅವು ಗಾಜಿನ ಮೇಲೆ ಕುಳಿತಿರುವುವಲ್ಲದೆ ಒಳಗಿರುವುದಿಲ್ಲ. ವರ್ಷಾನುಗಟ್ಟಲೆ ಬೂದಿ ಹಾಕಿ ತಿಕ್ಕಿದರೆ ಸವೆಯುವುವು. ಬೆಳಕಿಗೆ ಓರೆಯಾಗಿ ಹಿಡಿದರೆ ಚಿತ್ರವು ಮೇಲೆದ್ದಿರುವುದು ಸಾಮಾನ್ಯವಾಗಿ ಕಾಣುವುದು. ಎರಡನೆಯದು, ಬಿಳಿಯ ಲೇಪವನ್ನು ಬಳಿದು, ಅದು ಬೇಯುವುದಕ್ಕೆ ಮೊದಲೇ ಅದರ ಮೇಲೆ ಬರೆಯುವುದು. ಬಣ್ಣವೂ ಲೇಪವೂ ಕೂಡಿ ಕರಗಿ ಒಂದಾಗುವುವು. ಮೂರನೆಯದು, ಸುಮಾರು 1000 ಡಿಗ್ರಿಯಲ್ಲಿ ಒಮ್ಮೆ ಸುಟ್ಟ ಒರಟು ಪಾತ್ರೆಯ ಮೇಲೆ ಬರೆದು, ಅದರ ಮೇಲೆ ಪಾರದರ್ಶಕವಾದ ಕಾಚಲೇಪವನ್ನು ಹೊದಿಸಿ, 1200 ಡಿಗ್ರಿಗೆ ಮೇಲ್ಪಟ್ಟ ಶಾಖದಲ್ಲಿ ಬೇಯಿಸುವುದು. ಇಲ್ಲಿ ಬಣ್ಣವು ಗಾಜಿನ ಕೆಳಗೆ ಮಲಗಿರುವುದು. ನಾಲಗೆಗೂ ಹುಳಿಗೂ ಸಿಕ್ಕುವುದಿಲ್ಲ. ಮಗುವಿನ ಬಟ್ಟಲಿಗೆ ಅವನು ಆರಿಸಿದ್ದು ಇದನ್ನು. ಬಳಸಿದ ಲೇಪದಲ್ಲಿ ಸೀಸದ ಹೆಸರಿರಲಿಲ್ಲ.

ಕೆಂಪನ್ನು ಬಿಡಬೇಕಾಯಿತು. ಅಷ್ಟು ಶಾಖವನ್ನು ತಡೆದು ಕುಂಕುಮದಂತೆ ನಿಲ್ಲುವ ಕೆಂಪು ಸುಲಭವಲ್ಲ. ಕಬ್ಬಿಣದ ಕೆಂಪು ಕಂದಾಗುವುದು. ತಾಮ್ರವು, ಭಟ್ಟಿಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಹಸುರಾಗುವುದು, ಗಾಳಿಯನ್ನು ಕಟ್ಟಿ ಹೊಗೆಯಾಡಿಸಿದರೆ ಮಾತ್ರ ಕೆಂಪಾಗುವುದು. ಒಂದೇ ಲೋಹ, ಒಂದೇ ಪಾತ್ರೆ. ಉಸಿರಾಡಲು ಬಿಟ್ಟುದು ಒಂದು ಬಣ್ಣ, ಉಸಿರು ಕಟ್ಟಿಸಿದ್ದು ಮತ್ತೊಂದು ಬಣ್ಣ. ನನಗೆ ನೀಲಿಯನ್ನು ಕೊಟ್ಟನು. ಅದು ಕೋಬಾಲ್ಟೆಂಬ ಲೋಹದ ಭಸ್ಮ. ಬಟ್ಟಲಲ್ಲಿ ಕಲಸಿದಾಗ ನೋಡಿದರೆ ಅದು ಕಾಡಿಗೆಯಂತೆ ಕಪ್ಪಾಗಿತ್ತು. "ಇದೆಲ್ಲಿಯ ನೀಲಿ?" ಎಂದೆನು. "ಬೇಯಲಿ" ಎಂದನು.

ಬರೆಯಲು ಕುಳಿತಾಗ ನನ್ನ ಗರ್ವವೆಲ್ಲ ಇಳಿಯಿತು. ಒಮ್ಮೆ ಸುಟ್ಟ ಮಣ್ಣು ಕುಂಚದ ನೀರನ್ನು ಮುಟ್ಟಿದೊಡನೆ ಹೀರಿಬಿಡುವುದು. ಬಳಪದ ಹಲಗೆಯಂತೆ ಒರಸುವಂತಿಲ್ಲ. ಒಂದು ಕಡೆ ಬೆರಳಿನಿಂದ ತಿದ್ದಹೋಗಿ ಮಸಿಯಂತೆ ಹರಡಿತು. 'ಶ್ರೀ'ಯು ಎದ್ದು ಕಾಣಲೆಂದು ಎರಡು ಸಲ ದಪ್ಪವಾಗಿ ತೀಡಿದೆನು. ಅವನು ಬೇಡವೆಂದನು; ನೂರಕ್ಕೆ ಒಂದು ಪಾಲಿನಷ್ಟು ಕೋಬಾಲ್ಟು ಲೇಪದಲ್ಲಿ ಸೇರಿದರೂ ಕಡುನೀಲಿಯಾಗುವುದಂತೆ. ನನ್ನ ಕಣ್ಣಿಗೆ ಸಾಲದೆಂದು ತೋರಿತು, ಕಣ್ಣನ್ನೇ ನಂಬಿದೆನು. ಅವನು ಅಂಚಿನ ಸುತ್ತ ಒಂದು ಬಳ್ಳಿಯನ್ನು ಎಳೆದನು. ತೆಳುವಾಗಿ, ಒಂದೇ ಉಸಿರಿನಲ್ಲಿ, ಕುಂಚವನ್ನು ಎತ್ತದೆ ಎಳೆದನು. ಆ ಬಳ್ಳಿಯನ್ನು ನಾನು ಹಿಂದೆ ಎಲ್ಲಿಯೋ ನೋಡಿದ್ದೆನು. ಎಲ್ಲಿ ಎಂಬುದು ನೆನಪಾದಾಗ ತಲೆ ತಗ್ಗಿಸಿದೆನು. ಆಮೇಲೆ ಬಟ್ಟಲನ್ನು ಲೇಪದಲ್ಲಿ ಅದ್ದಿದನು. ಸುಣ್ಣದ ತಿಳಿಯಂತೆ ಬೆಳ್ಳಗೆ ಮುಚ್ಚಿಕೊಂಡು ಅಕ್ಷರವೂ ಬಳ್ಳಿಯೂ ಎರಡೂ ಕಾಣದಾದುವು.

ಹರಿಹರದಲ್ಲಿ 1224ರ ಸುಮಾರಿಗೆ ಹೊಯ್ಸಳ ನರಸಿಂಹನ ಮಂತ್ರಿ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ದೇವಾಲಯದ ಕಂಬಗಳನ್ನು ನಾನು ಎಷ್ಟೋ ಸಲ ನೋಡಿ ಮೆಚ್ಚಿದ್ದೇನೆ. ಕಲ್ಲಿನ ಶಿಲ್ಪಿಯು ಪ್ರತಿ ಏಟಿನ ಫಲವನ್ನೂ ಆಗಲೇ ಕಾಣಬಲ್ಲನು. ಮಣ್ಣಿಗೆ ಬಣ್ಣ ಬರೆಯುವವನಿಗೆ ಆ ಭಾಗ್ಯವಿಲ್ಲ. ಅವನು ಕಪ್ಪನ್ನು ಬರೆದು ನೀಲಿಯನ್ನು ನಂಬಬೇಕು. ಬರೆದುದನ್ನು ಮುಚ್ಚಿ, ಮುಚ್ಚಿದ್ದನ್ನು ಬೆಂಕಿಗೆ ಒಪ್ಪಿಸಿ ಕಾಯಬೇಕು.

ಬೆಂಕಿಯು ಒಪ್ಪಿದ ಬಣ್ಣಕ್ಕಾದರೋ ಮುಪ್ಪಿಲ್ಲ. ನಮ್ಮ ಸೀಮೆಯ ತುಂಗಭದ್ರೆಯೇ ಮುಂದೆ ಹರಿದು ಹಂಪೆಯನ್ನು ಸೇರುವುದಷ್ಟೆ. ಅಲ್ಲಿ ರಾಜಧಾನಿಯ ಶ್ರೀಮಂತರ ಮನೆಗಳಿದ್ದ ನೆಲವನ್ನು ಅಗೆದಾಗ ಚೀನದೇಶದ ಪಿಂಗಾಣಿಯ ಚೂರುಗಳು ದೊರೆತುವು. ಚೀನದವರು ತಮ್ಮ ನೀಲಿಯನ್ನು ಇದೇ ಕೋಬಾಲ್ಟಿನಿಂದ, ಇದೇ ಮೂರನೆಯ ಕ್ರಮದಿಂದ, ಗಾಜಿನ ಕೆಳಗೆ ಬರೆಯುತ್ತಿದ್ದರು. 14ನೆಯ ಶತಮಾನದಲ್ಲಿ ಅವರಿಗೆ ಆ ಲೋಹವು ಪಾರಸೀಕ ದೇಶದಿಂದ ಬರುತ್ತಿತ್ತು. 1565ರ ಯುದ್ಧವಾದ ಮೇಲೆ ಹಂಪೆಯ ಅರಮನೆಗಳು ಹಾಳಾದುವು. ಮರ ಸುಟ್ಟಿತು, ಗಾರೆ ಉದುರಿತು. ಒಂದು ಸಲ ಬೆಂದು ಬಂದಿದ್ದ ಬಣ್ಣಕ್ಕೆ ಏನೂ ಆಗಲಿಲ್ಲ.

ಬೀದರದಲ್ಲಿಯೂ ಹಾಗೆಯೇ. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸವನ್ನು ಮಕ್ಕಳೊಡನೆ ಪ್ರವಾಸ ಹೋದಾಗ ನೋಡಿದ್ದೆನು. 17ನೆಯ ಶತಮಾನದ ಕೊನೆಯಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಬಿದ್ದುಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ, ಹಸುರು ಬಣ್ಣದ ಕಾಚಲೇಪದ ಬಿಲ್ಲೆಗಳು ಐನೂರು ವರ್ಷಗಳ ಬಿಸಿಲು ಮಳೆಗಳಲ್ಲಿ ನಿಂತು ಇಂದಿಗೂ ಹೊಳೆಯುತ್ತಿವೆ. ಆ ಮಂತ್ರಿಯ ಅಂತ್ಯವನ್ನು ಇತಿಹಾಸ ಬಲ್ಲವರು ಬಲ್ಲರು. ಅವನ ಮುದ್ರೆಯಿದ್ದ ಒಂದು ಕಾಗದದ ಮೇಲೆ ಹಗೆಗಳು ರಾಜದ್ರೋಹದ ಓಲೆಯನ್ನು ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನನು ಮುದ್ರೆಯನ್ನು ಕಂಡನು, ವಿಚಾರಿಸಲಿಲ್ಲ. 1481ರಲ್ಲಿ ಆ ವೃದ್ಧನ ತಲೆ ಹೋಯಿತು. ಮಕ್ಕಳಿಗೆ ಈ ಕಥೆಯನ್ನು ಹೇಳಿ, ತೋರಿಕೆಯನ್ನು ನಂಬಿ ತೀರ್ಪು ಕೊಡಬಾರದೆಂದು ನೀತಿಯನ್ನು ಬೋಧಿಸಿದ್ದೆನು. ಬೋಧಿಸುವುದು ಸುಲಭ.

ಭಟ್ಟಿಯು ಆರಿ ಬಾಗಿಲು ತೆಗೆಯಲು ಒಂದೂವರೆ ದಿನ ಕಾಯಬೇಕಾಯಿತು. ಆ ಮಧ್ಯಾಹ್ನ ಇಬ್ಬರೂ ಬೇವಿನ ನೆರಳಿನಲ್ಲಿ ಕುಳಿತಿದ್ದೆವು. ನಾನು ಬಹು ದಿನಗಳಿಂದ ನುಂಗಿಕೊಂಡಿದ್ದ ಮಾತನ್ನು ಆಡಿದೆನು. ಆ ದಿನ ತರಗತಿಯಲ್ಲಿ ಹಾಗೆನ್ನಬಾರದಾಗಿತ್ತು ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ ಗುರುಗಳೇ. ಅವನು ನಕ್ಕ. 'ಮೇಷ್ಟ್ರು ಹೊಗಳಿದ್ದಾರೆ ಕಣೋ. ಹಸಿ ಮಣ್ಣಾದರೆ ಏನು ಬೇಕಾದರೂ ಮಾಡಬಹುದು' ಎಂದ. ಅವನಿಗೆ ಅದು ಬೈಗುಳವೆಂದು ತಿಳಿಯಲೇ ಇಲ್ಲ." ಮತ್ತೆ ನಿಲ್ಲಿಸಿ, "ನನಗೆ ತಿಳಿದಿತ್ತು. ಆಮೇಲೆ ಶಾಲೆಗೆ ಕಾಲು ಬರಲಿಲ್ಲ" ಎಂದನು.

ನಾನು ಏನು ಹೇಳಲಿ? ಮಾತನ್ನು ಬೇರೆ ಕಡೆಗೆ ತಿರುಗಿಸಲು ನನ್ನ ಹಳೆಯ ವಾದವನ್ನು ಅವನ ಮುಂದಿಟ್ಟೆನು. ಮಡಕೆಯು ಬಿಚ್ಚಿ ಕೂಡುವುದೋ, ಇದ್ದಂತೆಯೇ ಬೇಯುವುದೋ, ಕುಂಬಾರನಾದ ನೀನೇ ತೀರ್ಪು ಕೊಡು ಎಂದೆನು. ಅವನು ಯೋಚಿಸಿ, "ಅದು ನನಗೆ ತಿಳಿಯದು. ಹಸಿ ಮಡಕೆಗೆ ನೀರು ಹಾಕಿದರೆ ಮತ್ತೆ ಮಣ್ಣಾಗುತ್ತದೆ, ಬೇರೆ ಮಡಕೆ ಮಾಡಬಹುದು. ಆರುನೂರು ಡಿಗ್ರಿ ದಾಟಿ ಬೆಂದದ್ದು ಎಷ್ಟು ನೀರು ಹಾಕಿದರೂ ಮಣ್ಣಾಗುವುದಿಲ್ಲ. ಅಷ್ಟು ಬಲ್ಲೆ" ಎಂದನು. ಅವನು ಮಡಕೆಯ ಮಾತನ್ನೇ ಆಡಿದನು. ನಾನು ಬೇರೆಯದನ್ನು ಯೋಚಿಸುತ್ತಿದ್ದೆನು. ಹುಡುಗನು ಆಗ ಹಸಿಯಾಗಿದ್ದುದು ನಿಜ. ಬೆಂದು ನಿಂತದ್ದು ನನ್ನ ಮಾತು. ಅದಕ್ಕೆ ಈಗ ಎಷ್ಟು ನೀರೆರೆದರೂ ಅದು ಕರಗುವಂತಿಲ್ಲ. ಉಪಾಧ್ಯಾಯರಾಗಿರುವ ಕಿರಿಯರು ಈ ಒಂದು ವಾಕ್ಯವನ್ನಾದರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ಬಟ್ಟಲು ಹೊರಬಂದಿತು. ಅವನ ಬಳ್ಳಿಯು ಮಳೆ ನಿಂತ ಮೇಲಿನ ಆಕಾಶದಂತೆ ತಿಳಿನೀಲಿಯಾಗಿತ್ತು. ನನ್ನ 'ಶ್ರೀ'ಯು ದಪ್ಪವಾದೆಡೆಯಲ್ಲಿ ನೀಲಿಯಾಗದೆ ಕಪ್ಪಾಗಿಯೇ ಉಳಿದು, ಒಂದು ಬದಿಯಲ್ಲಿ ಸ್ವಲ್ಪ ಹರಿದಿತ್ತು. ಬೆರಳಿನಿಂದ ಒರಸಿದ ಜಾಗದಲ್ಲಿ ಒಂದು ಮೋಡ. ಇನ್ನೊಂದು ಬರೆಯೋಣವೇ ಎಂದು ಅವನು ಕೇಳಿದನು. ಬೇಡವೆಂದೆನು.

ಮನೆಯಲ್ಲಿ ಪಾತ್ರೆಗಳನ್ನಿಟ್ಟುಕೊಂಡಿರುವವರಿಗೆ ಎರಡು ಮಾತುಗಳು. ಚಿತ್ರವು ಮೆರುಗಿನ ಮೇಲೆ ಕುಳಿತಿರುವ, ಯಾರು ಮಾಡಿದ್ದೆಂದು ತಿಳಿಯದ ಪಾತ್ರೆಗಳು ಗೂಡಿನಲ್ಲಿ ಚೆಂದಕ್ಕೆ ಇರಲಿ. ಉಪ್ಪಿನಕಾಯಿ, ತೊಕ್ಕು, ಮಜ್ಜಿಗೆ, ಮಕ್ಕಳ ಹಾಲುಗಳಿಗೆ ಅವು ಬೇಡ. ಕಣ್ಣಿನಿಂದ ಸೀಸವನ್ನು ಗುರುತಿಸುವುದು ಯಾರಿಂದಲೂ ಆಗದು. ಪರೀಕ್ಷಾಲಯದಲ್ಲಿ ಮಾತ್ರ ಅದು ನಿಶ್ಚಯವಾಗುವುದು. ಕೊಳ್ಳುವಾಗ ಕುಂಬಾರನನ್ನು ಕೇಳಿರಿ. ತನ್ನ ಲೇಪದಲ್ಲಿ ಏನಿದೆಯೆಂಬುದನ್ನು ಬಲ್ಲವನು ಹೇಳುವನು. ಹೇಳಲಾರದವನ ಬಳಿ ಕೊಳ್ಳಬೇಡಿರಿ. ಪೊಟ್ಟಣದ ಹಿಂಭಾಗದ ಅಕ್ಷರವನ್ನು ಓದಿರಿ.

ಮೊಮ್ಮಗಳು ಆ ಬಟ್ಟಲಿನಲ್ಲಿಯೇ ದಿನವೂ ಹಾಲು ಕುಡಿಯುತ್ತಾಳೆ. ಅಕ್ಷರಗಳನ್ನೀಗ ಒಂದೊಂದಾಗಿ ಗುರುತಿಸುವಳು. ಮೊನ್ನೆ ನನ್ನ 'ಶ್ರೀ'ಯ ಮೇಲೆ ಬೆರಳಿಟ್ಟು, ಅಜ್ಜಾ, ಇದು ಏನೆಂದು ಬರೆದಿದೆ, ಓದಲು ಬರುವುದಿಲ್ಲ ಎಂದಳು. ಬಳ್ಳಿಯನ್ನು ಮಾತ್ರ ಅವಳು ಎಂದಿನಿಂದಲೋ ಬಲ್ಲಳು. ಹಲಗೆಯ ಅಂಚಿನಲ್ಲಿ ಅದನ್ನು ನೋಡಿ ನೋಡಿ ಬರೆಯುತ್ತಿದ್ದಾಳೆ. ನಾನು ಒರಸುವುದಿಲ್ಲ.